ನಿಜಾಮರ ಕಾಲದ ಊರ ಚಾವಡಿಯನ್ನು ಮದುವೆಗೆ ಬಾಡಿಗೆ ಕೊಡಬಹುದೇ?

ಪ್ರಶ್ನೆ: ಪಂಚಾಯಿತಿ ಸದಸ್ಯ, ಕುಕನೂರು ತಾಲ್ಲೂಕು

ನಮ್ಮದು ಕೊಪ್ಪಳ ಜಿಲ್ಲೆಯ ಎರೆಹೊಲಗಳ ಸೀಮೆಯ ಒಂದು ಊರು. ಅಗಸಿಯ (ಊರಬಾಗಿಲಿನ) ಪಕ್ಕದಲ್ಲಿ, ನಿಜಾಮರ ಆಳ್ವಿಕೆಯಲ್ಲಿ ಊರವರೇ ವಂತಿಗೆ ಹಾಕಿ ಕಟ್ಟಿಸಿದ ದೊಡ್ಡ ಚಾವಡಿಯಿದೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಸಾಗುವಾನಿ ಕಂಬ, ಬೋದಿಗೆ (ಕಂಬದ ತಲೆಗಟ್ಟು), ಜಂತೆಗಳ (ಅಡ್ಡಮರಗಳ) ಮೇಲೆ ಮಣ್ಣಿನ ಮಾಳಿಗೆ (ಸಮತಟ್ಟಾದ ಚಾವಣಿ), ಎರಡು ಬೆಳಕಿಂಡಿ. ಕಂದಾಯ ವಸೂಲಿ, ನ್ಯಾಯ ತೀರ್ಮಾನ, ಪ್ರಾಥಮಿಕ ಶಾಲೆ, ಕೊನೆಗೆ ಪಡಿತರದ ಗೋದಾಮು, ಹೀಗೆ ಎಲ್ಲಕ್ಕೂ ಬಳಕೆಯಾಗಿ ಈಗ ಬೀಗ ಬಿದ್ದಿದೆ.

ಊರಿನವರು ಮದುವೆಗೆ ಕೊಪ್ಪಳಕ್ಕೋ ಗದಗಕ್ಕೋ ಹೋಗಿ ಕಲ್ಯಾಣ ಮಂಟಪ ಹಿಡಿಯುತ್ತಾರೆ. ಆ ಬಾಡಿಗೆಯೇ ಸಾಮಾನ್ಯ ಕುಟುಂಬಕ್ಕೆ ಹೊರೆಯಾಗುತ್ತದೆ. ಆದ್ದರಿಂದ ಚಾವಡಿಯನ್ನು ದುರಸ್ತಿ ಮಾಡಿ ದಿನಕ್ಕೆ 3,000 ರೂಪಾಯಿಯಂತೆ ಕೊಡೋಣವೆಂದು ಯುವಕರು ಹೇಳುತ್ತಿದ್ದಾರೆ. ಹಿರಿಯರಿಗೆ ಕಟ್ಟಡ ತಾಳುವುದೋ ಇಲ್ಲವೋ ಎಂಬ ಅಂಜಿಕೆ. ಮಾಳಿಗೆ ತೆಗೆಸಿ ಆರ್‌ಸಿಸಿ ಹಾಕಿಸುವ ಮಾತೂ ಇದೆ. ಅನುಭವಿಗಳು ಏನು ಹೇಳುತ್ತೀರಿ?

ಉತ್ತರ: ನಿವೃತ್ತ ಪಂಚಾಯಿತಿ ಕಾರ್ಯದರ್ಶಿ, ಯಲಬುರ್ಗಾ

ಬಾಡಿಗೆಯ ದರಕ್ಕಿಂತ ಮೊದಲು ಆ ಜಾಗ ಯಾರ ಹೆಸರಿನಲ್ಲಿದೆ ಎಂಬುದನ್ನು ನೋಡಿರಿ. ನಮ್ಮ ಭಾಗ 1948ರ ಸೆಪ್ಟೆಂಬರ್ ತನಕ ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ಹಳೆಯ ಕಂದಾಯ ದಾಖಲೆಗಳು ಹೆಚ್ಚಾಗಿ ಉರ್ದುವಿನಲ್ಲಿರುತ್ತವೆ. ಎಷ್ಟೋ ಊರುಗಳಲ್ಲಿ ಚಾವಡಿಯು ಬಾಯಿಮಾತಿನಲ್ಲಿ ಊರಿನದು, ಕಾಗದದಲ್ಲಿ ಕಂದಾಯ ಇಲಾಖೆಯದು, ಇಲ್ಲವೇ ಒಂದು ಮನೆತನದ್ದು. ಉರ್ದು ಬಲ್ಲವರಿಂದ ಓದಿಸಿ, ಪಂಚಾಯಿತಿಯದೇ ಎಂದು ಖಚಿತವಾದರೆ ಇ-ಸ್ವತ್ತಿನಲ್ಲಿ (ಪಂಚಾಯಿತಿ ವ್ಯಾಪ್ತಿಯ ಆಸ್ತಿಗಳ ಗಣಕೀಕೃತ ದಾಖಲೆ) ದಾಖಲಿಸಿಕೊಳ್ಳಿರಿ. ಅದಾಗದೆ ಬಾಡಿಗೆಯ ರಸೀದಿ ಹರಿದರೆ ಮೊದಲ ಜಗಳಕ್ಕೇ ವಿಷಯ ಕೋರ್ಟಿಗೆ ಹೋಗುತ್ತದೆ.

ಇಟಗಿಯ ಮಹಾದೇವ ದೇವಾಲಯ ನಿಮ್ಮ ಭಾಗದಲ್ಲೇ ಇದೆ. ಅಂತಹ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣಕ್ಕೆ ನಿಷೇಧವಿದ್ದು, ಅದರಾಚೆಯ 200 ಮೀಟರ್‌ವರೆಗೆ ಅನುಮತಿ ಬೇಕಾಗುತ್ತದೆ. ನಿಮ್ಮ ಚಾವಡಿ ಆ 100 ಮೀಟರ್ ಒಳಗೆ ಬಂದರೆ ಅಡುಗೆ ಶೆಡ್ಡಿನಂತಹ ಹೊಸ ಕಟ್ಟಡ ಆಗದು, ದುರಸ್ತಿಗೂ ಮೊದಲೇ ಅರ್ಜಿ ಹಾಕಬೇಕು; ಅದರಾಚೆಯ 200 ಮೀಟರ್‌ನೊಳಗಾದರೆ ಎರಡಕ್ಕೂ ಅರ್ಜಿ ಬೇಕು.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ಊರ ಚಾವಡಿಯ ಕಟ್ಟೆಯನ್ನು ಎಲ್ಲರೂ ಹತ್ತುವಂತಿರಲಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಇಂದು ಸಾರ್ವಜನಿಕ ಬಳಕೆಯ ಸ್ಥಳವನ್ನು ಅಸ್ಪೃಶ್ಯತೆಯ ಕಾರಣಕ್ಕೆ ಯಾರಿಗಾದರೂ ನಿರಾಕರಿಸಿದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಎಲ್ಲ ಕೇರಿಗೂ ಒಂದೇ ದರ, ಮೊದಲು ಕಾಯ್ದಿರಿಸಿದವರಿಗೆ ಮೊದಲು ಎಂಬುದನ್ನು ಗ್ರಾಮಸಭೆಯ ನಡಾವಳಿಯಲ್ಲೇ ಬರೆಸಿರಿ. "ಆ ದಿನ ಖಾಲಿ ಇಲ್ಲ" ಎಂಬ ನೆಪ ಹೂಡಲು ಅವಕಾಶವಾಗದಂತೆ, ಕಾಯ್ದಿರಿಸಿದ ದಿನಗಳ ಪಟ್ಟಿಯು ಬಾಗಿಲ ಮೇಲೆಯೇ ಇರಲಿ.

ಉತ್ತರ: ಹಳೆಯ ಮನೆಗಳ ದುರಸ್ತಿ ಮಾಡಿಸುವ ಎಂಜಿನಿಯರ್, ಗಂಗಾವತಿ

ಆರ್‌ಸಿಸಿ ಹಾಕಿಸುವ ವಿಚಾರವನ್ನು ದಯವಿಟ್ಟು ಕೈಬಿಡಿ. ಮಣ್ಣಿನ ಗೋಡೆಯ ಮೇಲೆ ಕಾಂಕ್ರೀಟ್ ಚಪ್ಪಡಿ ಹೇರಿದರೆ ಕಂಬ, ತೊಲೆಗಳೆಲ್ಲ ಕೆಲಸವಿಲ್ಲದೆ ನಿಲ್ಲುತ್ತವೆ. ಚಪ್ಪಡಿಯ ಭಾರವೆಲ್ಲ ಗೋಡೆಯ ಪಾಲಾಗುತ್ತದೆ. ಎರೆಮಣ್ಣಿನ ನೆಲವು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಇಂತಹ ಗೋಡೆಗಳು ವರ್ಷವಿಡೀ ಅಷ್ಟಿಷ್ಟು ಅಲುಗಾಡುತ್ತಲೇ ಇರುತ್ತವೆ. ಮಣ್ಣು ಮತ್ತು ಕಟ್ಟಿಗೆಯ ಕಟ್ಟಡ ಆ ಅಲುಗಾಟವನ್ನು ತಾಳಿಕೊಳ್ಳುತ್ತದೆ, ಬಿಗಿಯಾದ ಚಪ್ಪಡಿ ಸೀಳುತ್ತದೆ.

ಮಣ್ಣಿನ ಮಾಳಿಗೆ ನಮ್ಮ ಸೀಮೆಯಲ್ಲಿ ಉಳಿದುಬಂದದ್ದಕ್ಕೆ ಕಾರಣ ಇಲ್ಲಿಯ ಮಳೆಯೇ. ವರ್ಷದ ಮಳೆ ಸುಮಾರು 600 ಮಿಲಿಮೀಟರ್. ಅದರಲ್ಲಿಯೂ ಸೆಪ್ಟೆಂಬರ್ ತಿಂಗಳದ್ದೇ ದೊಡ್ಡ ಪಾಲು. ಜಂತೆಗಳ ಮೇಲೆ ಸಣ್ಣ ಕಟ್ಟಿಗೆ, ಸೊಪ್ಪು, ಮಣ್ಣು ಹಾಕಿ ಮೇಲೆ ಸವಳು (ಚೌಳು) ಮಣ್ಣನ್ನು ಹರಡುತ್ತಾರೆ. ಸೋಡಿಯಂ ಅಂಶವಿರುವ ಆ ಮಣ್ಣು ನೀರು ಬಿದ್ದೊಡನೆ ನುಣ್ಣಗೆ ಬಿಚ್ಚಿಕೊಂಡು ಸಂದುಗಳನ್ನೆಲ್ಲ ಮುಚ್ಚಿಬಿಡುವುದರಿಂದ ನೀರು ಕೆಳಗಿಳಿಯದೆ ದೋಣಿಯಿಂದ (ಮಾಳಿಗೆಯ ನೀರು ಹೊರಬೀಳುವ ಕೊಳವೆಯಿಂದ) ಹರಿದುಹೋಗುತ್ತದೆ. ಆದರೆ ಆ ಪದರ ಪ್ರತಿ ವರ್ಷ ತೊಳೆದುಹೋಗುತ್ತದೆ; ಮುಂಗಾರಿಗೆ ಮೊದಲು ಹೊಸದಾಗಿ ಹಾಕಲೇಬೇಕು. ನಿಮಗೆ ನಿಜವಾದ ತೊಡಕು ಬರುವುದು ಇಲ್ಲಿಯೇ, ಏಕೆಂದರೆ ಮಾಳಿಗೆ ಕೆಲಸದ ಏಪ್ರಿಲ್, ಮೇ ತಿಂಗಳುಗಳೇ ಮದುವೆಯ ಹಂಗಾಮು ಕೂಡ. ಬಾಡಿಗೆ ಹೆಚ್ಚು ಬರುವ ದಿನಗಳಲ್ಲಿಯೇ ಕನಿಷ್ಠ ಹದಿನೈದು ದಿನ ಚಾವಡಿಗೆ ಬೀಗ ಹಾಕುವ ಗಟ್ಟಿತನ ಪಂಚಾಯಿತಿಗೆ ಇಲ್ಲವಾದರೆ, ಮದುವೆಗೆ ಕೊಡುವುದೇ ಬೇಡ.

ಕೊಡುವುದೇ ಆದರೆ ಒಳಗೆ ಒಲೆ ಹಚ್ಚಬಾರದು; ಅಡುಗೆಗೆ ಗಾಳಿ ಬೀಸುವ ದಿಕ್ಕು ನೋಡಿ ದೂರದಲ್ಲಿ ಶೆಡ್ ಹಾಕಿಸಿರಿ. ಅಲಂಕಾರದವರು ಕಂಬಕ್ಕೆ ಮೊಳೆ ಹೊಡೆಯುವುದನ್ನು ತಡೆಯಲು ಗೋಡೆಯ ಹೊರಗೆ ಕೊಂಡಿಗಳನ್ನು ಮೊದಲೇ ಕೂಡಿಸಿರಿ. ಮೆರವಣಿಗೆ ನೋಡುವುದಕ್ಕೆಂದು ಜನ ಮಾಳಿಗೆ ಏರದಂತೆ ಮೆಟ್ಟಿಲ ಬಾಗಿಲಿಗೆ ಬೀಗವಿರಲಿ. ಡಿಜೆ ಖಂಡಿತ ಬೇಡ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಹೇಗೂ ನಿರ್ಬಂಧವಿದೆ. ಆದರೆ ಹಗಲಿನಲ್ಲಿಯೂ ಆ ಅದುರಿಗೆ ಜಂತೆಗಳ ಸಂದಿನಿಂದ ಮಣ್ಣು ಉದುರಲಾರಂಭಿಸಿದರೆ ನಿಲ್ಲಿಸುವುದು ಕಷ್ಟ. ಇದೆಲ್ಲಕ್ಕಿಂತ ಮೊದಲು ತೊಲೆಗಳ ತುದಿ ಗೋಡೆಯೊಳಗೆ ಸೇರುವಲ್ಲಿ ಚೂಪಾದ ಕಬ್ಬಿಣದಿಂದ ಚುಚ್ಚಿ ನೋಡಿಸಿರಿ. ಗೆದ್ದಲು ಮತ್ತು ಪಸೆ ಮೊದಲು ಹಿಡಿಯುವುದು ಅಲ್ಲಿಯೇ, ಕೆಳಗಿನಿಂದ ನೋಡಿದರೆ ಕಾಣುವುದಿಲ್ಲ.

ಉತ್ತರ: ಬಯಲಾಟದ ತಂಡದವನು, ಕುಷ್ಟಗಿ

ಎಂಜಿನಿಯರ್ ಅವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಆದರೆ ಬಾಡಿಗೆ ಎಂದೊಡನೆ ಎಲ್ಲರೂ ಮದುವೆಯನ್ನೇ ಏಕೆ ನೆನೆಯುತ್ತಾರೋ ತಿಳಿಯದು. ಐನೂರು ಜನ ಊಟಕ್ಕೆ ಕೂಡುವ ಕಾರ್ಯಕ್ಕೆ ಆ ಚಾವಡಿ ಹೇಳಿ ಮಾಡಿಸಿದ್ದಲ್ಲ. ನಮ್ಮಂತಹ ತಂಡಗಳಿಗೆ ತಾಲೀಮಿಗೆ ತಿಂಗಳುಗಟ್ಟಲೆ ಜಾಗ ಬೇಕಾಗುತ್ತದೆ. ಶಾಲೆಯ ಕೋಣೆ ಕೇಳಿದರೆ ಸಂಜೆ ಬೀಗದ ಕೈ ಸಿಗುವುದಿಲ್ಲ, ಗುಡಿಯಲ್ಲಿ ಎಲ್ಲರಿಗೂ ಪ್ರವೇಶವಿರುವುದಿಲ್ಲ. ರಾತ್ರಿಗೆ 200 ರೂಪಾಯಿಯಂತೆ ನಾವು ಸಂತೋಷದಿಂದ ಕೊಡುತ್ತೇವೆ. ಸ್ವಸಹಾಯ ಸಂಘಗಳ ಸಭೆ, ಕುಬುಸ (ಸೀಮಂತ), ನಿಶ್ಚಯ, ತೊಟ್ಟಿಲು, ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಕಲೆಗಾರರನ್ನು ಕರೆಸಿ ಮಕ್ಕಳಿಗೆ ಬಣ್ಣದ ಕೆಲಸ ತೋರಿಸುವ ಶಿಬಿರ, ಇವೆಲ್ಲ ನೂರು ಜನರೊಳಗಿನ ಕಾರ್ಯಗಳು. ಹಣ ಒಮ್ಮೆಲೇ ಬಾರದು, ನಿಜ. ಆದರೆ ದಿನವೂ ಬಾಗಿಲು ತೆರೆದು ಕಸ ಹೊಡೆದರೆ ಹೆಗ್ಗಣ, ಬಾವಲಿ, ಗೆದ್ದಲುಗಳ ಕಾಟ ತಾನಾಗಿ ಕಡಿಮೆಯಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಮೊದಲ ವರ್ಷ ನೂರು ಜನರ ಮಿತಿಯೊಳಗಿನ ಕಾರ್ಯಗಳಿಗೆ ಮಾತ್ರ ಕೊಟ್ಟು, ಬಾಡಿಗೆಯ ಹಣವನ್ನು ಮಾಳಿಗೆಗೆಂದೇ ಪ್ರತ್ಯೇಕ ಖಾತೆಯಲ್ಲಿ ಇಡುವ ಪ್ರಸ್ತಾವವನ್ನು ಗ್ರಾಮಸಭೆಯ ಮುಂದಿಡುತ್ತೇನೆ. ಮದುವೆ ಮಾಡುವವರು ಅಂಗಳದಲ್ಲಿ ಪೆಂಡಾಲ್ ಹಾಕಿ, ಅಕ್ಷತೆಗೆ ಮಾತ್ರ ಚಾವಡಿಯ ಕಟ್ಟೆಯನ್ನು ಬಳಸಬಹುದೇ ಎಂದು ಯುವಕರು ಕೇಳುತ್ತಿದ್ದಾರೆ. ಅದು ನನಗೂ ಸರಿ ಕಾಣುತ್ತದೆ. ಒಂದು ಸಂಶಯ ಉಳಿದಿದೆ. ಪಡಿತರದ ಗೋದಾಮು ಇದ್ದಾಗ ಒಳಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ಅದನ್ನು ಈಗಲೇ ಕೆತ್ತಿಸಬೇಕೇ?

ಉತ್ತರ: ಎಂಜಿನಿಯರ್, ಗಂಗಾವತಿ

ಕೆತ್ತಿಸಲೇಬೇಕು, ಆದರೆ ಈಗಲ್ಲ. ಸಿಮೆಂಟು ಗೋಡೆಯ ಪಸೆಯನ್ನು ಹೊರಬಿಡದೆ ಒಳಗೇ ಹಿಡಿದಿಡುವುದರಿಂದ ಅದರ ಹಿಂದಿನ ಮಣ್ಣು ಮೆತ್ತಗಾಗಿರುತ್ತದೆ. ಮೊದಲು ಮಾಳಿಗೆಯ ಸೋರಿಕೆ ನಿಲ್ಲಲಿ, ಒಂದು ಬೇಸಿಗೆ ಗೋಡೆ ಒಣಗಲಿ. ಆಮೇಲೆ ಒಂದೊಂದು ಅಂಕಣದಂತೆ (ಎರಡು ಕಂಬಗಳ ನಡುವಿನ ಭಾಗ) ಗಿಲಾವನ್ನು ಬಿಡಿಸುತ್ತ, ಬಿಡಿಸಿದ ಕಡೆ ಸುಣ್ಣದ ಗಾರೆ ಮಾಡಿಸುತ್ತ ಹೋಗಿರಿ. ಇಡೀ ಗೋಡೆಯನ್ನು ಒಮ್ಮೆಲೇ ಕೆತ್ತಿಸಿದರೆ ಮಣ್ಣು ಜಾರುತ್ತದೆ. ಅಂಗಳದ ಪೆಂಡಾಲಿಗೆ ನನ್ನ ಆಕ್ಷೇಪವಿಲ್ಲ. ಅದರ ಕಂಬಗಳ ಕುಣಿಗಳನ್ನು ಮಾತ್ರ ಗೋಡೆಯ ಬುಡದಿಂದ ಐದಾರು ಅಡಿ ದೂರ ತೋಡಿಸಿರಿ.