ಖಿನ್ನತೆಯಲ್ಲಿರುವ ಗೆಳತಿಗೆ ಪ್ರಾರ್ಥನೆ ಸಾಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ನಮ್ಮ ಚರ್ಚಿನ ಸಭೆಯ ಗೆಳತಿಯೊಬ್ಬಳು ಕೆಲವು ತಿಂಗಳಿಂದ ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಊಟವೂ ಅಷ್ಟಕ್ಕಷ್ಟೇ, ಆರಾಧನೆಗೂ ಬರುತ್ತಿಲ್ಲ. ಮೊನ್ನೆ "ಕರ್ತನು ನನ್ನ ಕೈಬಿಟ್ಟ, ನಾನಿದ್ದು ಯಾರಿಗೇನು ಪ್ರಯೋಜನ" ಎಂದಳು. ಕೆಲವರು ಉಪವಾಸ ಪ್ರಾರ್ಥನೆ ಮಾಡಿಸಿ ಅನ್ನುತ್ತಾರೆ, ಕೆಲವರು ಡಾಕ್ಟರ್ ಹತ್ತಿರ ಹೋಗಿ ಅನ್ನುತ್ತಾರೆ. ನಾನು ಅವಳ ಮುಂದೆ ಕೂತು ಏನು ಮಾತಾಡಲಿ?

ಉತ್ತರ: ಮೊದಲು ಆ ಕೊನೆಯ ಮಾತನ್ನು ಹಿಡಿದುಕೊಳ್ಳಿ. ಬೇಜಾರಿನಲ್ಲಿ ಸುಮ್ನೆ ಅಂದಿರಬಹುದು ಎಂದು ಬಿಡಬೇಡಿ. "ಸಾಯಬೇಕು ಅನ್ನಿಸುತ್ತಿದೆಯಾ?" ಎಂದು ನೇರವಾಗಿ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂದು ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ. ನನ್ನ ತಮ್ಮನನ್ನು ಕೇಳಿದಾಗ ಅವನು ಸ್ವಲ್ಪ ಹೊತ್ತು ಉಗುರು ಕೆರೆಯುತ್ತಾ ಕೂತಿದ್ದ, ಆಮೇಲೆ "ಹೂಂ" ಅಂದ, ಅಲ್ಲಿಂದ ಮುಂದೆ ಅವನೇ ಮಾತಾಡಿದ, ನಾನು ಬರೀ ಕೇಳಿಸಿಕೊಂಡೆ.

ಅವಳೂ ಹೂಂ ಅಂದರೆ, ಅದರಲ್ಲೂ ಯಾವಾಗ, ಹೇಗೆ ಎಂದೆಲ್ಲ ಯೋಚಿಸಿಟ್ಟಿದ್ದರೆ, ಒಬ್ಬಳನ್ನೇ ಬಿಡಬೇಡಿ. ಅಪಾಯ ಮಾಡಿಕೊಳ್ಳಬಹುದಾದ ಯಾವುದೂ ಕೈಗೆ ಸಿಗದಂತೆ ನೋಡಿಕೊಳ್ಳಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಪ್ರಾರ್ಥನೆ ದಾರಿಯಲ್ಲೇ ಮಾಡಿ. "ಯಾರಿಗೂ ಹೇಳಬೇಡ" ಎಂದು ಆಣೆ ಹಾಕಿಸಿಕೊಳ್ಳಲು ನೋಡಿದರೆ ಈ ಒಂದು ವಿಷಯದಲ್ಲಿ ಮಾತ್ರ ಮಾತು ಕೊಡಬೇಡಿ.

ಉತ್ತರ: ನಾನೂ ನಿಮ್ಮ ಗೆಳತಿಯ ಜಾಗದಲ್ಲಿ ಇದ್ದವಳು. ಆಗ ದಿನಾ ಬೆಳಿಗ್ಗೆ "ಯಾವಾಗಲೂ ಸಂತೋಷಿಸಿರಿ" ಅಂತ ಯಾರಾದರೂ ವಾಕ್ಯ ಕಳಿಸುತ್ತಿದ್ದರು, ನಾನು ಫೋನನ್ನು ಬೋರಲು ಹಾಕಿ ಮಲಗುತ್ತಿದ್ದೆ. ವಾಕ್ಯದಲ್ಲಿ ತಪ್ಪೇನಿಲ್ಲ. ಸಂತೋಷ ಬರದಿದ್ದರೆ ನನ್ನ ವಿಶ್ವಾಸವೇ ಕಮ್ಮಿ ಅಂತ ಅನ್ನಿಸಿ ಇನ್ನೂ ಕುಗ್ಗುತ್ತಿದ್ದೆ, ಅಷ್ಟೇ. ಸಭೆಯ ಒಬ್ಬ ಅಕ್ಕ ಮಾತ್ರ ಬಂದು ಬೈಬಲಿನ 88ನೇ ಕೀರ್ತನೆ ಓದಿದರು. ದುಃಖದ ಕೀರ್ತನೆಗಳು ಹೆಚ್ಚಾಗಿ ಕೊನೆಯಲ್ಲಿ ಸ್ತೋತ್ರದ ಕಡೆ ತಿರುಗುತ್ತವೆ. ಇದು ಹಾಗಲ್ಲ, ಕತ್ತಲೆಯಲ್ಲೇ ನಿಂತುಬಿಡುತ್ತದೆ. ದೇವರ ಮುಂದೆ ಹೀಗೂ ಮಾತಾಡಬಹುದಾ ಅಂತ ನನಗೆ ಆಶ್ಚರ್ಯವಾಯಿತು. ಅಕ್ಕ ಅದಕ್ಕೆ ಯಾವ ವಿವರಣೆಯನ್ನೂ ಕೊಡಲಿಲ್ಲ. ಸಿಂಕಿನಲ್ಲಿದ್ದ ಪಾತ್ರೆ ತೊಳೆದಿಟ್ಟು "ಗುರುವಾರ ಬರ್ತೀನಿ" ಅಂದರು, ಗುರುವಾರ ಬಂದೂ ಬಂದರು. "ಏನಾದರೂ ಬೇಕಿದ್ದರೆ ಹೇಳು" ಅಂದವರು ಎಷ್ಟೋ ಜನ, ಆದರೆ ಆ ಸ್ಥಿತಿಯಲ್ಲಿ ಏನು ಬೇಕು ಅಂತ ಹೇಳುವುದೇ ಆಗುವುದಿಲ್ಲ.

ಉತ್ತರ: ಉಪವಾಸ ಪ್ರಾರ್ಥನೆಯನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ನೀವು ಮಾಡಿ, ಅವಳಿಂದ ಮಾಡಿಸಬೇಡಿ. ಮೊದಲೇ ನಿದ್ದೆ ಊಟ ಇಲ್ಲದವಳು. ಬೈಬಲಿನ ಪ್ರವಾದಿ ಎಲೀಯ ಸಾವು ಬೇಡಿಕೊಂಡು ಮಲಗಿದಾಗ ದೂತನು ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ತಿನ್ನಿಸಿದ. ಒಂದನೆಯ ಅರಸುಗಳು 19ರಲ್ಲಿದೆ, ಓದಿ ನೋಡಿ. ಒಂದು ಬೈಗುಳವೂ ಇಲ್ಲ. ಹಾಗೇ ಇದು ದುರಾತ್ಮದ ಕಾಟ ಅಂತ ಯಾರಾದರೂ ಶುರು ಮಾಡಿದರೆ ಅವರನ್ನು ಅವಳ ಹತ್ತಿರ ಬಿಡಬೇಡಿ.

ಉತ್ತರ: ಮಾತ್ರೆ ಬಗ್ಗೆ ಎರಡು ಮಾತು. ಖಿನ್ನತೆಯ ಮಾತ್ರೆ ಪರಿಣಾಮ ಕಾಣಲು ಕೆಲವು ವಾರ ಬೇಕು. ಸ್ವಲ್ಪ ಚೇತರಿಸಿಕೊಂಡ ಕೂಡಲೇ "ಸೌಖ್ಯವಾಯಿತು, ಮಾತ್ರೆ ಬಿಟ್ಟೆ ಅಂತ ಸಭೆಯ ಮುಂದೆ ಸಾಕ್ಷಿ ಹೇಳು" ಎನ್ನುವವರು ಬರುತ್ತಾರೆ. ಡಾಕ್ಟರನ್ನು ಕೇಳದೆ ದಿಢೀರ್ ಅಂತ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ, ಕಾಯಿಲೆ ಮರುಕಳಿಸುವುದು ಎಲ್ಲ ಆಗಬಹುದು. ಸುವಾರ್ತೆ ಬರೆದ ಲೂಕನೇ ವೈದ್ಯ ಅಲ್ವಾ? ಬೈಬಲಿನಲ್ಲಿ ಅಪೊಸ್ತಲ ಪೌಲನು ಅವನನ್ನು "ಪ್ರಿಯ ವೈದ್ಯ" ಎಂದೇ ಕರೆದಿದ್ದಾನೆ.

ಉತ್ತರ: ಇನ್ನೊಂದು, ಯಾರೂ ಹೇಳಲಿಲ್ಲ. ಅವಳನ್ನು ಕೇಳದೆ ಪ್ರಾರ್ಥನಾ ಗುಂಪಿನಲ್ಲಿ ಹೆಸರು ಹಾಕಬೇಡಿ. "ಈ ಸಹೋದರಿಗಾಗಿ ಪ್ರಾರ್ಥಿಸಿ" ಎಂದು ಶುರುವಾದದ್ದು ಸಂಜೆಯೊಳಗೆ ಊರ ಮಾತಾಗುತ್ತದೆ. ಒಬ್ಬಿಬ್ಬರು ನಂಬಿಕಸ್ಥರು ಸಾಕು, ನಿಮಗೂ ಹೆಗಲು ಕೊಡಲು ಯಾರಾದರೂ ಬೇಕಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ವಂದನೆ. ನಾಳೆ ಅಂತಿದ್ದೆ, ಇವತ್ತೇ ಹೋಗಿ ಕೇಳುತ್ತೇನೆ. ಆದರೆ "ನನಗೇನು ಹುಚ್ಚಾ, ಡಾಕ್ಟರ್ ಯಾಕೆ" ಅಂದರೆ?

ಉತ್ತರ: ನಿದ್ದೆ ಬರುತ್ತಿಲ್ಲ ಅನ್ನುವುದನ್ನು ಅವಳೂ ಒಪ್ಪುತ್ತಾಳಲ್ಲ, ಅದಕ್ಕೇ ಹೋಗೋಣ ಅನ್ನಿ. ಮಾಮೂಲಿ ಡಾಕ್ಟರ್ ಆದರೂ ಪರವಾಗಿಲ್ಲ, ಬೇಕಿದ್ದರೆ ಅವರೇ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಅಪಾಯಿಂಟ್‌ಮೆಂಟ್ ನೀವೇ ತೆಗೆದುಕೊಳ್ಳಿ, ಜೊತೆಗೂ ಹೋಗಿ. ಆದರೆ ಸಾಯುವ ಮಾತಿಗೆ ಹೂಂ ಅಂದರೆ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.