ಸಹಾಯ ಬೇಕು: ದಸರಾ ರಜೆಯಲ್ಲಿ ಅಮ್ಮನ ಜೊತೆ ಮೈಸೂರು

ಎಲ್ಲರಿಗೂ ನಮಸ್ಕಾರ. ಮಗಳ ಪರೀಕ್ಷೆ ಮುಗಿದ ಮಾರನೇ ದಿನವೇ ಗೊಂಬೆ ಕೂರಿಸಬೇಕು. ಟ್ರಂಕಿನಿಂದ ಪಟ್ಟದ ಗೊಂಬೆ ತೆಗೆದರೆ ರಾಣಿಯ ಸೀರೆಯ ಜರಿ ಕಪ್ಪಾಗಿದೆ. ಹೊಸದನ್ನು ತಾನೇ ಹೊಲಿಯುತ್ತೇನೆ ಅಂತ ಮಗಳು ಸೂಜಿ ದಾರ ಹಿಡಿದು ಕೂತಿದ್ದಾಳೆ. ಇದರ ಮಧ್ಯೆ ಅವಳ ಭರತನಾಟ್ಯ, ಮಗನ ಈಜು. ಸರಸ್ವತಿ ಪೂಜೆಗೆ ಪುಸ್ತಕ ಇಟ್ಟ ಮೇಲೇ ನಮಗೆ ಬಿಡುವು.

ಈ ಸಲ ಅಮ್ಮನನ್ನು ಬೆಂಗಳೂರಿನಿಂದ ಮೈಸೂರಿಗೆ ಕರೆದುಕೊಂಡು ಹೋಗಲೇಬೇಕು. 72 ವರ್ಷ, ಮಂಡಿನೋವು. ಅಪ್ಪನ ಜೊತೆ ನೋಡಿದ ಜಂಬೂಸವಾರಿಯನ್ನು ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ವಿಜಯದಶಮಿಯ ನೂಕುನುಗ್ಗಲು ಅವರಿಂದ ಆಗದು. ಅದಕ್ಕೇ ಎರಡು ಮೂರು ದಿನ ಮುಂಚೆಯೇ ಹೋಗಿ, ಅರಮನೆಯಿಂದ ಬನ್ನಿಮಂಟಪದವರೆಗಿನ ಆನೆಗಳ ತಾಲೀಮು, ರಾತ್ರಿ ಅರಮನೆಯ ದೀಪ ತೋರಿಸೋಣ ಅಂತಿದ್ದೇವೆ.

ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಿಗ್ಗೆ ಮಡಚುವ ಕುರ್ಚಿ ಹಾಕಿ ಅವರನ್ನು ಕೂರಿಸಲು ನೆರಳಿರುವ ಜಾಗ ಯಾವುದು? ಎಷ್ಟು ಗಂಟೆಗೆ ಬಂದರೆ ಸರಿ? ದೀಪಾಲಂಕಾರಕ್ಕೆ ಯಾವ ಬಾಗಿಲಿನ ಕಡೆಯಿಂದ ಬಂದರೆ ನಡಿಗೆ ಕಡಿಮೆ, ಆಟೋ ಎಲ್ಲಿವರೆಗೆ ಬಿಡುತ್ತಾರೆ? ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನದಲ್ಲಿ ಗಾಲಿಕುರ್ಚಿ ತಳ್ಳಿಕೊಂಡು ಓಡಾಡಬಹುದೇ? ವಯಸ್ಸಾದವರನ್ನು ಕರೆದುಕೊಂಡು ಹೋದವರಿದ್ದರೆ ದಯವಿಟ್ಟು ತಿಳಿಸಿ. ಆನೆ ಹತ್ತಿರದಿಂದ ಕಾಣಬೇಕು ಅನ್ನುವುದೊಂದೇ ಅಮ್ಮನ ಆಸೆ.