ಜನವರಿ 1ಕ್ಕೆ ಹಳೆಯ ಕಂಪ್ಯೂಟರ್ ನಿಲ್ಲುತ್ತದಾ? ಮಾಡಿ ನೋಡಿದವರು ಹೇಳಿ

ಇಳಕಲ್‌ನಿಂದ ಪ್ರಶ್ನೆ (ಡಿಸೆಂಬರ್ 1999):
ಮನೆಯಲ್ಲಿ 486 (ಹಳೆಯ ಪ್ರೊಸೆಸರಿನ) ಕಂಪ್ಯೂಟರ್ ಇದೆ, ವಿಂಡೋಸ್ 95. ಸೀರೆ ವ್ಯಾಪಾರದ ಉದ್ರಿ ಲೆಕ್ಕ ಎಲ್ಲ ಫಾಕ್ಸ್‌ಪ್ರೊ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿದೆ. ಮಾರಿದವರು "2000 ಬಂದರೆ ಇದು ಬಂದ್, ಹೊಸದು ತಗೊಳ್ಳಿ" ಅನ್ನುತ್ತಿದ್ದಾರೆ. ನಿಜವಾ?

ಬೆಳಗಾವಿ, ಟಿಳಕವಾಡಿಯಿಂದ:
ಅಕ್ಕಾರೆ, ಹೆದರಬೇಡಿ, ಬಂದ್ ಆಗುವುದಿಲ್ಲ. ಒಳಗಿನ ಗಡಿಯಾರ ವರ್ಷದ ಕೊನೆಯ ಎರಡು ಅಂಕಿಯನ್ನಷ್ಟೇ ಎಣಿಸುತ್ತದೆ. 99 ಆದಮೇಲೆ 00. ಅದನ್ನು 2000 ಅಂತ ಬಯೋಸ್ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ, ಬೋರ್ಡ್ ಮೇಲಿನ ಪ್ರೋಗ್ರಾಮ್) ತಿಳಿದುಕೊಳ್ಳಬೇಕು. ತಿಳಿಯುತ್ತದೋ ಇಲ್ಲವೋ ಅಂತ ಮನೆಯಲ್ಲೇ ನೋಡಬಹುದು, ಖರ್ಚಿಲ್ಲ.

ಮೊದಲು ಲೆಕ್ಕದ ಫೈಲುಗಳನ್ನು ಫ್ಲಾಪಿ ಡಿಸ್ಕಿಗೆ ಹಾಕಿಕೊಳ್ಳಿ, ಎರಡು ಪ್ರತಿ. ಇದನ್ನು ಮಾಡದೆ ಮುಂದೆ ಹೋಗಲೇಬೇಡಿ. ಆಮೇಲೆ ಡಾಸ್ (ಟೈಪ್ ಮಾಡಿ ಆಜ್ಞೆ ಕೊಡುವ ಹಳೆಯ ಆಪರೇಟಿಂಗ್ ಸಿಸ್ಟಮ್) ಇರುವ ಬೂಟ್ ಫ್ಲಾಪಿಯಿಂದ ಕಂಪ್ಯೂಟರ್ ಶುರು ಮಾಡಿ. ವಿಂಡೋಸ್ ಒಳಗೆ ತಾರೀಖು ಮುಂದೆ ಹಾಕಿದರೆ ಕೆಲವು ಟ್ರಯಲ್ ಸಾಫ್ಟ್‌ವೇರ್ ಅವಧಿ ಮುಗಿಯಿತು ಅಂತ ನಿಂತುಬಿಡುತ್ತವೆ, ಅದಕ್ಕೇ ಫ್ಲಾಪಿ. ಡೇಟ್ ಅಂತ ಟೈಪ್ ಮಾಡಿ 12-31-1999 ಕೊಡಿ. ತಿಂಗಳು ಮೊದಲು ಬರಬೇಕು, ನಮ್ಮ ರೂಢಿಯಂತೆ 31-12 ಕೊಟ್ಟರೆ ಡಾಸ್ ಒಪ್ಪುವುದಿಲ್ಲ. ಟೈಮ್ 23:58 ಮಾಡಿ, ಸ್ವಿಚ್ ಆಫ್ ಮಾಡಿ. ಐದು ನಿಮಿಷ ಬಿಟ್ಟು ಅದೇ ಫ್ಲಾಪಿಯಿಂದ ಮತ್ತೆ ಶುರು ಮಾಡಿ. ಶನಿವಾರ, 1 ಜನವರಿ 2000 ಅಂತ ತೋರಿಸಿದರೆ ಪಾಸ್. ಕೆಲವು ಹಳೆಯವು 4 ಜನವರಿ 1980 ತೋರಿಸುತ್ತವೆ. ಹಾಗೇ 28 ಫೆಬ್ರವರಿ 2000 ಕೊಟ್ಟೂ ನೋಡಿ, ಮರುದಿನ 29 ಬರಬೇಕು. 400ರಿಂದ ಭಾಗವಾಗುವ ವರ್ಷ ಅಲ್ವಾ, ಅಧಿಕ ವರ್ಷವೇ. ಎಲ್ಲ ಮುಗಿದ ಮೇಲೆ ಇವತ್ತಿನ ತಾರೀಖು ಹಾಕಿಯೇ ವಿಂಡೋಸ್‌ಗೆ ಹೋಗಿ.

ಬಾಗಲಕೋಟೆ, ನವನಗರದಿಂದ:
ಮೇಲೆ ಹೇಳಿದ ಆಫ್ ಮಾಡಿ ನೋಡುವ ಪರೀಕ್ಷೆ ನಮ್ಮ ಕಡೆಗೆ ಬಹಳ ಮುಖ್ಯ. ರಾತ್ರಿ ಹನ್ನೆರಡಕ್ಕೆ ಯಾರ ಮನೆಯಲ್ಲೂ ಕಂಪ್ಯೂಟರ್ ಚಾಲೂ ಇರುವುದಿಲ್ಲ, ಕರೆಂಟೂ ಇರುತ್ತದೆ ಅಂತ ಹೇಳಲಾಗದು. ತಾರೀಖು ದಿನಾ ತಪ್ಪುತ್ತಿದ್ದರೆ ಅದು 2000ದ ತೊಂದರೆಯೇ ಅಲ್ಲ, ಬೋರ್ಡ್ ಮೇಲಿನ ಬ್ಯಾಟರಿ ಮುಗಿದಿರುತ್ತದೆ. ನಮ್ಮದೂ ಅದೇ ಆಗಿತ್ತು, ಸೆಲ್ ಬದಲಿಸಿದೆವು, ಸರಿಹೋಯಿತು. ಬೆಸುಗೆ ಹಾಕಿದ ಬ್ಯಾಟರಿ ಇದ್ದರೆ ಮಾತ್ರ ರಿಪೇರಿಯವರ ಕೈಗೆ ಕೊಡಿ.

ಬಿಜಾಪುರದಿಂದ:
ನನ್ನ ಪ್ರಕಾರ ಮಶೀನ್‌ಗಿಂತ ಲೆಕ್ಕದ ಕಡೆ ಜಾಸ್ತಿ ಗಮನ ಕೊಡಬೇಕು. ಫಾಕ್ಸ್‌ಪ್ರೊದಲ್ಲಿ ತಾರೀಖಿಗೆ ಅಂತಲೇ ಮಾಡಿದ ಕಾಲಂ ಇದ್ದರೆ ಒಳಗೆ ನಾಲ್ಕಂಕಿಯ ವರ್ಷವೇ ಉಳಿದಿರುತ್ತದೆ. ತೊಂದರೆ ತುಂಬುವಾಗ. 01/01/00 ಅಂತ ಹೊಡೆದರೆ ಅದು 1900 ಅಂದುಕೊಳ್ಳುತ್ತದೆ. ನವೆಂಬರ್‌ನಲ್ಲಿ ಒಯ್ದ ಸೀರೆಗೆ ಜನವರಿಯಲ್ಲಿ ದುಡ್ಡು ಕಟ್ಟಿದರೆ, ಒಯ್ಯುವುದಕ್ಕಿಂತ 99 ವರ್ಷ ಮೊದಲೇ ಕಟ್ಟಿದ ಹಾಗೆ! ಪ್ರೋಗ್ರಾಮ್ ಶುರುವಿನಲ್ಲೇ ಸೆಟ್ ಸೆಂಚುರಿ ಆನ್ ಅನ್ನುವ ಸಾಲು ಹಾಕಿಸಿ, ಆಗ ವರ್ಷವನ್ನು ನಾಲ್ಕಂಕಿಯಲ್ಲೇ ತುಂಬಬಹುದು. ಬರೆದುಕೊಟ್ಟವರಿಗೆ ಇದು ದೊಡ್ಡ ಕೆಲಸವಲ್ಲ. ಆದರೆ ತಾರೀಖನ್ನು ಸುಮ್ನೆ ಅಕ್ಷರದ ಕಾಲಂನಲ್ಲಿ ಇಟ್ಟಿದ್ದರೆ ಎಲ್ಲ ತಿದ್ದಬೇಕಾಗುತ್ತದೆ, ಅದನ್ನು ಈಗಲೇ ಕೇಳಿ ತಿಳಿದುಕೊಳ್ಳಿ.

ಎಕ್ಸೆಲ್ 97 ಬಳಸುವವರಿಗೆ ಒಂದು ಮಾತು: ಅದು 00ರಿಂದ 29ರವರೆಗಿನದ್ದನ್ನು 2000ದ ಮೇಲಿನ ವರ್ಷ ಅನ್ನುತ್ತದೆ, 30ರಿಂದ 99 ಆದರೆ 1900ರ ಮೇಲಿನದ್ದು. ಅಜ್ಜ ಹುಟ್ಟಿದ್ದು 25ರಲ್ಲಿ ಅಂತ ಎರಡೇ ಅಂಕಿ ಬರೆದರೆ 2025 ಆಗುತ್ತದೆ. ನಾಲ್ಕೂ ಅಂಕಿ ಬರೆಯಿರಿ.

ಇಳಕಲ್‌ನಿಂದ:
ಎಲ್ಲರಿಗೂ ಧನ್ಯವಾದ. ಫ್ಲಾಪಿಗೆ ಹಾಕಿಕೊಂಡು ಪರೀಕ್ಷೆ ಮಾಡಿದೆವು. 1980 ಬಂತು. ಈಗ ಹೊಸದೇ ತಗೋಬೇಕಾ?

ಬೆಳಗಾವಿಯಿಂದ:
ಬೇಡ ಅಕ್ಕಾರೆ. ಅಲ್ಲೇ ಡೇಟ್ ಕೊಟ್ಟು 01-01-2000 ಅಂತ ಕೈಯಾರೆ ಹಾಕಿ, ಆಫ್ ಮಾಡಿ ಮತ್ತೆ ನೋಡಿ. ಬಹಳಷ್ಟು 486ಗಳು ಒಮ್ಮೆ ಹೇಳಿಕೊಟ್ಟರೆ ನೆನಪಿಟ್ಟುಕೊಳ್ಳುತ್ತವೆ. ಹಾಗಿದ್ದರೆ ಜನವರಿ 1ರ ಬೆಳಿಗ್ಗೆ ಒಂದು ಸಲ ತಾರೀಖು ಹಾಕಿದರೆ ಸಾಕು. ನೆನಪಿಡದಿದ್ದರೆ ಆಟೋಎಕ್ಸೆಕ್ ಫೈಲಿನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತಾನಾಗೇ ಓಡುವ ಆಜ್ಞೆಗಳ ಫೈಲು) ಡೇಟ್ ಅಂತ ಒಂದು ಸಾಲು ಸೇರಿಸಿ. ಪ್ರತಿಸಲ ಶುರುವಾಗುವಾಗ ತಾರೀಖು ಕೇಳುತ್ತದೆ, ಹೊಡೆದು ಮುಂದೆ ಹೋಗಿ. 31ರ ಸಂಜೆ ಉದ್ರಿ ಪಟ್ಟಿಯ ಪ್ರಿಂಟ್ ಕೂಡ ತೆಗೆದಿಡಿ.